ಮೂವತ್ತೈದರಲ್ಲಿ ಎಂಬಿಬಿಎಸ್ ಮೊದಲ ವರ್ಷ

ಪ್ರವೇಶದ ದಿನ ಮೂಲ ದಾಖಲೆಗಳ ಫೈಲು ಹಿಡಿದು ಕಾಲೇಜಿನ ಸರದಿಯಲ್ಲಿ ನಿಂತಿದ್ದಾಗ ಪಕ್ಕದಲ್ಲಿದ್ದ ತಾಯಿಯೊಬ್ಬರು, "ನಿಮ್ಮ ಮಗಳದ್ದು ಎಷ್ಟನೇ ರ‍್ಯಾಂಕು?" ಎಂದು ಕೇಳಿದರು. ಸೀಟು ನನ್ನದೇ ಎಂದೆ. ತಮಾಷೆಯೆಂದುಕೊಂಡು ನಕ್ಕ ಅವರು, ನನ್ನ ಪಿಯುಸಿ ಅಂಕಪಟ್ಟಿಯ ಮೇಲಿದ್ದ 2007 ಎಂಬ ಇಸವಿಯನ್ನು ನೋಡಿ ಸುಮ್ಮನಾದರು.

ಆ ವರ್ಷ ಸಿಇಟಿಯಲ್ಲಿ ಸರ್ಕಾರಿ ವೈದ್ಯಕೀಯ ಸೀಟು ಸಿಗುವಷ್ಟು ರ‍್ಯಾಂಕು ನನಗೆ ಬಂದಿರಲಿಲ್ಲ. ಲ್ಯಾಬ್ ಟೆಕ್ನಾಲಜಿ ಓದಿ, ಬೆಂಗಳೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿಯೂ ಬಳಿಕ ಅಲ್ಲಿಯದೇ ಬ್ಲಡ್ ಬ್ಯಾಂಕಿನಲ್ಲಿಯೂ ದುಡಿದೆ. ಇನ್ನೊಮ್ಮೆ ಪ್ರಯತ್ನಿಸುವ ಧೈರ್ಯ ಬರುವಷ್ಟರಲ್ಲಿ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ 25, ಮೀಸಲಾತಿಯವರಿಗೆ 30 ವರ್ಷವೆಂಬ ವಯೋಮಿತಿ ಬಂದಿತ್ತು. 2022ರ ಮಾರ್ಚ್‌ನಲ್ಲಿ ಆ ಮಿತಿಯನ್ನು ತೆಗೆದುಹಾಕಿರುವ ಸುದ್ದಿಯನ್ನು ರಾತ್ರಿ ಪಾಳಿಯಲ್ಲಿ ಫೋನಿನಲ್ಲಿ ಓದಿದೆ. ಆಗ ನನಗೆ ಮೂವತ್ತೆರಡು.

ಜೀವಶಾಸ್ತ್ರ ಸುಲಭವಾದೀತು, ಭೌತಶಾಸ್ತ್ರವೇ ಕಾಡೀತು ಎಂದುಕೊಂಡಿದ್ದೆ. ಭೌತಶಾಸ್ತ್ರ ಕಾಡಿದ್ದು ನಿಜ. ಆದರೆ ನನಗೆ ಅಚ್ಚರಿಯಾಗಿದ್ದು ಜೀವಶಾಸ್ತ್ರ ಕಾಡಿದ ಬಗೆ. ನಮ್ಮ ಕಾಲದ ಪಿಯು ಪಠ್ಯವೇ ಬೇರೆ, ಈಗ ಓದಬೇಕಾದ ಎನ್‌ಸಿಇಆರ್‌ಟಿ ಪಠ್ಯವೇ ಬೇರೆ ಎಂಬುದು ಒಂದು ತೊಡಕಾದರೆ, ಅದಕ್ಕಿಂತ ದೊಡ್ಡ ತೊಡಕು ಕೆಲಸದಿಂದ ಬಂದ ತಿಳಿವಳಿಕೆಯದ್ದಾಗಿತ್ತು. ಓ ಗುಂಪಿನವರು ಸಾರ್ವತ್ರಿಕ ದಾನಿಗಳು ಎನ್ನುತ್ತದೆ ಪಠ್ಯ. ಬ್ಲಡ್ ಬ್ಯಾಂಕಿನಲ್ಲಿ ಕೂತವಳ ತಲೆಯಲ್ಲಿ ಮಾತ್ರ, ಅದು ಓ ಪಾಸಿಟಿವೋ ನೆಗೆಟಿವೋ, ಕೊಡುತ್ತಿರುವುದು ಕೆಂಪು ಕಣಗಳನ್ನೋ ಪ್ಲಾಸ್ಮಾವನ್ನೋ, ದಾನಿಯ ರಕ್ತ ರೋಗಿಯದಕ್ಕೆ ಹೊಂದುತ್ತದೆಯೇ ಎಂದು ನೋಡುವ ಕ್ರಾಸ್ ಮ್ಯಾಚ್ ಆಗಿದೆಯೋ ಇಲ್ಲವೋ ಎಂಬ ಪ್ರಶ್ನೆಗಳೇ ಮೊದಲು ಏಳುತ್ತವೆ. ಪ್ಲಾಸ್ಮಾದ ವಿಷಯದಲ್ಲಂತೂ ಲೆಕ್ಕ ತಿರುಗುಮುರುಗಾಗಿ, ಎಲ್ಲರಿಗೂ ಹೊಂದುವುದು ಎಬಿ ಗುಂಪಿನದ್ದು. ಮಾದರಿ ಪರೀಕ್ಷೆಯೊಂದರಲ್ಲಿ ಹೀಗೆ ಯೋಚಿಸುತ್ತಾ ಹೋಗಿ ತಪ್ಪು ಗುರುತು ಮಾಡಿದೆ. ಸರಿ ಉತ್ತರದ ನಾಲ್ಕು ಅಂಕವೂ ಹೋಯಿತು, ತಪ್ಪಿಗಾಗಿ ಒಂದು ಅಂಕವೂ ಕಡಿತವಾಯಿತು. ಉತ್ತರಿಸಬೇಕಾದ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವೇ ಆಗಿರುವಾಗ ಇಂಥ ಜಾಣತನ ದುಬಾರಿ. 2022ರಲ್ಲಿಯೂ 2023ರಲ್ಲಿಯೂ ನಾನು ಸೋತಿದ್ದಕ್ಕೆ ಪಾಳಿಗಳ ನಡುವೆ ಸಮಯ ಸಾಲಲಿಲ್ಲವೆಂದು ಮನೆಯವರಿಗೆ ಹೇಳಿದ್ದೆ. ಪೂರ್ತಿ ಸತ್ಯ ಅದಾಗಿರಲಿಲ್ಲ.

ಒಂದು ವರ್ಷ ಬಿಟ್ಟು, ಕೆಲಸಕ್ಕೆ ರಾಜೀನಾಮೆ ಕೊಟ್ಟು, ಪಠ್ಯ ಹೇಳಿದಷ್ಟನ್ನೇ ನಂಬುವ ಅಭ್ಯಾಸ ಮಾಡಿಕೊಂಡು 2025ರಲ್ಲಿ ಬರೆದೆ. ರ‍್ಯಾಂಕು ಬಂತು.

ಇನ್ನು ದಾಖಲೆಗಳು. ಹದಿನೆಂಟರ ಹುಡುಗರಿಗೆ ಶಾಲೆಯೆಂಬುದು ನಿನ್ನೆ ಮೊನ್ನೆಯ ಮಾತು. ನಾನು ಮಾತ್ರ ರಾಜ್ಯದ ಸೀಟಿಗಾಗಿ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದನ್ನೂ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗಾಗಿ ಒಂದರಿಂದ ಹತ್ತನೇ ತರಗತಿಯವರೆಗೆ ಓದಿದ್ದನ್ನೂ ತೋರಿಸಲು ಮಧುಗಿರಿ ತಾಲ್ಲೂಕಿನ ನಮ್ಮೂರಿಗೆ ಎರಡು ಸಲ ಬಸ್ಸು ಹತ್ತಬೇಕಾಯಿತು. ಈಗಿನ ಮುಖ್ಯ ಶಿಕ್ಷಕಿ ನನಗಿಂತ ಚಿಕ್ಕವರು. ಬೀರುವಿನ ತಳದಿಂದ ಹಳೆಯ ದಾಖಲಾತಿ ಪುಸ್ತಕ ತೆಗೆದು, ಇಲಿ ಕಡಿದ ಅಂಚಿನ ಪುಟವೊಂದರಲ್ಲಿ ನನ್ನ ಹೆಸರನ್ನೂ ಅದರ ಎದುರು ಅಪ್ಪನ ಹೆಬ್ಬೆಟ್ಟನ್ನೂ ತೋರಿಸಿದರು. ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಮಧುಗಿರಿಯಲ್ಲಿ ಆಯಿತು. ಎಲ್ಲಿ ಕೆಟ್ಟುಹೋದೀತೋ ಎಂಬ ಭಯದಿಂದ ಬೆಂಗಳೂರು ತಲುಪುವವರೆಗೂ ಆ ಹಾಳೆಗಳನ್ನು ಮಡಚದೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

ತರಗತಿಯಲ್ಲಿ ಎಲ್ಲರೂ ಅಕ್ಕ ಎನ್ನುತ್ತಾರೆ. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ ಕೂಡಿದರೆ ಮುಗಿಯುವಾಗ ನನಗೆ ನಲವತ್ತು ದಾಟಿರುತ್ತದೆ. ಈ ಲೆಕ್ಕವನ್ನು ಸಂಬಂಧಿಕರು ನನಗಿಂತ ಮೊದಲೇ ಮಾಡಿಟ್ಟಿದ್ದಾರೆ. ಕಳೆದ ವಾರ ಫಿಸಿಯಾಲಜಿ ಪ್ರಾಕ್ಟಿಕಲ್‌ನಲ್ಲಿ ನ್ಯೂಬಾರ್ ಚೇಂಬರ್, ಅಂದರೆ ಕಣ ಎಣಿಸಲು ಚೌಕಗಳನ್ನು ಗೀಚಿದ ಗಾಜಿನ ಸ್ಲೈಡು, ಕೊಟ್ಟು ಕೆಂಪು ರಕ್ತಕಣಗಳನ್ನು ಎಣಿಸಲು ಹೇಳಿದರು. ಲ್ಯಾಬಿನಲ್ಲಿ ಅದನ್ನು ಯಂತ್ರವೇ ಮಾಡುತ್ತಿತ್ತು. ನಾನು ಕಣ್ಣಿಟ್ಟು ಎಣಿಸಿ ಎಷ್ಟೋ ವರ್ಷಗಳಾಗಿದ್ದವು. ಬೆರಳು ಚುಚ್ಚಿಕೊಳ್ಳಲು ಹೆದರುತ್ತಿದ್ದ ನಾಲ್ವರಿಗೆ ಚುಚ್ಚಿಕೊಟ್ಟು, ನನ್ನ ಸ್ಲೈಡಿಗೆ ಮರಳಿದಾಗ ಮೂರನೇ ಚೌಕದಲ್ಲಿ ಎಣಿಕೆ ತಪ್ಪಿತ್ತು. ಮತ್ತೆ ಮೊದಲ ಚೌಕದಿಂದ ಶುರುಮಾಡಿದೆ.