ಆಮೆನ್‌ಗೆ ಅವಸರ

ಬೆಳಿಗ್ಗೆ ಮಂಗಳೂರಿನ ಬಲ್ಮಠದ ಏರು ಹತ್ತುವಾಗ ಶಾಲೆಯೊಳಗಿಂದ ಮಕ್ಕಳ ಪ್ರಾರ್ಥನೆ ಕೇಳಿಸಿತು. ಸ್ಕೂಟರ್ ಬದಿಗೆ ಹಾಕಿ ನಿಂತೆ. 'ಪರಲೋಕದಲ್ಲಿರುವ ನಮ್ಮ ತಂದೆಯೇ...' ಶಾಲೆ ಬಿಟ್ಟು 25 ವರ್ಷವಾದರೂ ಒಂದಕ್ಷರ ಮರೆತಿಲ್ಲ ಮಾರಾಯ್ರೆ!

ನಮ್ಮ ಕ್ಲಾಸಲ್ಲಿ ಕ್ರಿಶ್ಚಿಯನ್ನರು ಮೂರೋ ನಾಲ್ಕೋ ಮಂದಿ. ಉಳಿದವರು ಸಂಜೆ ಭಜನೆಗೆ ಹೋಗುವವರು, ಮದ್ರಸಕ್ಕೆ ಹೋಗುವವರು. ಕಣ್ಣು ಮಾತ್ರ ಎಲ್ಲರೂ ಮುಚ್ಚುತ್ತಿದ್ದೆವು (ನಾನು ಅರ್ಧ). 'ಅನುದಿನದ ಆಹಾರ' ಅಂದಾಗ ನನಗೆ ನೆನಪಾಗುತ್ತಿದ್ದದ್ದು ಬುತ್ತಿಯ ನೀರುದೋಸೆ.

1834ರಲ್ಲಿ ಮಂಗಳೂರಿಗೆ ಬಂದ ಕ್ರೈಸ್ತ ಪಾದ್ರಿಗಳ ಸಂಸ್ಥೆ ಬಾಸೆಲ್ ಮಿಶನ್‌ನವರು ಜರ್ಮನ್ ರಾಗಗಳಿಗೆ ಕನ್ನಡ ಮಾತು ಕೂರಿಸಿದ್ದು ಆಗೆಲ್ಲಿ ಗೊತ್ತು? ಪ್ರಾರ್ಥನೆಯ ಹಾಡನ್ನು ಎಳೆದೆಳೆದು ಹಾಡಿಸುತ್ತಾರೆಂದು ಬೇಸರ ಅಷ್ಟೆ. ಇವತ್ತು ನೋಡಿದರೆ ಸಂಜೆವರೆಗೂ ಅದೇ ರಾಗ ಬಾಯಲ್ಲಿ.

ಎಲ್ಲರಿಗಿಂತ ಮೊದಲು 'ಆಮೆನ್' ಅಂದುಬಿಡುವ ಹುಡುಗನೊಬ್ಬ ಈಗಲೂ ಇದ್ದಾನೆ ಅಲ್ಲಿ.