ಬೆಳ್ಳಮ್ಮ, ವಯಸ್ಸು 80

ಜುಲೈ 22, 2025, ಮಂಗಳವಾರ
ಚಿಕ್ಕಮಗಳೂರು

ಎರಡು ತಿಂಗಳ ಹಿಂದೆ ಹೇಳಿದ ಸುಳ್ಳಿಗೆ ಇವತ್ತು ಇನ್ನೊಂದು ಬುಟ್ಟಿ ಗೊಬ್ಬರ ಹಾಕಿ ಬಂದೆ.

ಪುಷ್ಯ ಮಳೆ ಹಿಡಿದು ಎರಡು ದಿನ. ಮುಳ್ಳಯ್ಯನಗಿರಿ ಕಡೆ ನೋಡಿದರೆ ಬರೀ ಬಿಳಿ. ನಮ್ಮ ಬೆಳ್ಳಿಯ ಡ್ರಿಪ್ ಬಾಟಲಿ ನಿನ್ನೆ ರಾತ್ರಿಯೇ ಮುಗಿದಿತ್ತು. ಕೆಲಸ ಮುಗಿಸಿ ಕೊಡೆ ಹಿಡಿದು ಸೀದಾ ಐ.ಜಿ. ರಸ್ತೆಯ ಮೆಡಿಕಲ್ಸಿಗೆ ಹೋದೆ. ಒಂದು ಆರ್.ಎಲ್. (ರಿಂಗರ್ ಲ್ಯಾಕ್ಟೇಟ್, ಡ್ರಿಪ್ಪಿಗೆ ಹಾಕುವ ಉಪ್ಪುನೀರು) 500 ಎಂ.ಎಲ್., 20 ನಂಬರ್ ಸೂಜಿ ಐದು, ಒಂದು ಐ.ವಿ. ಸೆಟ್. ಈಗ ಚೀಟಿ ತೋರಿಸುವುದೇ ಬೇಡ, ಅವರಿಗೇ ಗೊತ್ತು.

ಮೇ ತಿಂಗಳಲ್ಲಿ ಮೊದಲ ಸಲ ಹೋಗಿದ್ದು ಬೇರೆ ಅಂಗಡಿಗೆ. ಅಲ್ಲಿ ನಿಜ ಹೇಳಿದ್ದೆ. ಕೌಂಟರಿನ ಹುಡುಗ ಒಳಗಿದ್ದವನನ್ನು ಕೂಗಿ ಕರೆದ. "ಬೆಕ್ಕಿಗಂತೆ ಕಣೋ, ಡ್ರಿಪ್ಪು!" ಇಬ್ಬರೂ ನಕ್ಕರು. ನನ್ನ ಹಿಂದೆ ನಿಂತಿದ್ದ ಹಿರಿಯರೊಬ್ಬರು, "ಮನುಷ್ಯರಿಗೇ ದಿಕ್ಕಿಲ್ಲ" ಅಂದರು. ಅವರ ಕೈಯಲ್ಲೂ ಒಂದು ಉದ್ದದ ಚೀಟಿ ಇತ್ತು. ಏನು ಹೇಳೋದು? ದುಡ್ಡು ವಾಪಸ್ ತಗೊಂಡು ಆಚೆ ಬಂದೆ.

ಹಾಗಾಗಿ ಈ ಅಂಗಡಿಯವರು "ಯಾರಿಗೆ?" ಅಂದಾಗ, "ಮನೇಲಿ ವಯಸ್ಸಾದವರಿಗೆ" ಅಂತ ಬಾಯಿಗೆ ತಾನಾಗಿಯೇ ಬಂತು. "ಹೆಸರು?" ಅಂದರು. ಬೇರೆ ಹೆಸರು ಹೊಳೆಯಲಿಲ್ಲ. "ಬೆಳ್ಳಿ" ಅಂದೆ. ಅವರು ಬಿಲ್ಲಿನಲ್ಲಿ ಬೆಳ್ಳಮ್ಮ ಅಂತ ಬರೆದುಕೊಂಡರು. ವಯಸ್ಸು ಕೇಳಿದರು. ಬೆಕ್ಕಿನ 16 ವರ್ಷ ಅಂದರೆ ಮನುಷ್ಯರ 80 ಅಂತ ಡಾಕ್ಟರು ಹೇಳಿದ್ದು ನೆನಪಾಯಿತು. 80 ಅಂದೆ. ಅದೊಂದು ಮಾತ್ರ ಸುಳ್ಳಲ್ಲ.

ಅವತ್ತಿನಿಂದ ಬೆಳ್ಳಮ್ಮನವರಿಗೆ ಹತ್ತು ಪರ್ಸೆಂಟ್ ಕಡಿಮೆ. ನಾನು ಕೇಳಿದ್ದಲ್ಲ.

ಮಾರ್ಚಿನಲ್ಲಿ ಇದು ಶುರುವಾದದ್ದು. ಶುರುವಾಗಿದ್ದು ಯಾವಾಗಲೋ, ನಮಗೆ ಗೊತ್ತಾಗಿದ್ದು ಮಾರ್ಚಿನಲ್ಲಿ. ಬೆಳ್ಳಿ ನೀರು ಜಾಸ್ತಿ ಕುಡಿಯುತ್ತಿತ್ತು. ಬೇಸಿಗೆ ಅಲ್ವಾ, ಒಳ್ಳೇದೇ ಅಂದುಕೊಂಡೆವು. ಮಣ್ಣಿನ ಟ್ರೇ ದಿನಕ್ಕೆ ಎರಡು ಸಲ ಬದಲಿಸಬೇಕಾಗುತ್ತಿತ್ತು. ಆಮೇಲೆ ಒಂದು ದಿನ ಎತ್ತಿಕೊಂಡಾಗ ಬೆನ್ನುಮೂಳೆ ಕೈಗೆ ಸಿಕ್ಕಿತು, ಮಣಿ ಮಣಿಯಾಗಿ. ಬೇಲೂರು ದಾಟಿ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಹೋದೆವು. ಸ್ಕ್ಯಾನಿನಲ್ಲಿ ಎರಡೂ ಕಿಡ್ನಿ ಚಿಕ್ಕದಾಗಿ ಕಂಡವು. ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, 3.4. ಕಿಡ್ನಿ ಸುಮಾರು ಮುಕ್ಕಾಲು ಭಾಗ ಹೋದ ಮೇಲೇ ಈ ನಂಬರು ಏರುವುದಂತೆ. ಅಲ್ಲಿಯವರೆಗೆ ಬೆಕ್ಕು ಏನೂ ಹೇಳುವುದಿಲ್ಲ. ಇನ್ನು ಉಳಿದಿರುವ ಕಾಲು ಭಾಗಕ್ಕೆ ನೀರು ಹಿಡಿದಿಡುವ ಶಕ್ತಿ ಇಲ್ಲ. ಕುಡಿದದ್ದೆಲ್ಲ ಹಾಗೇ ಹೋಗುತ್ತದೆ, ಬಣ್ಣವಿಲ್ಲದ ಉಚ್ಚೆಯಾಗಿ. ಅದಕ್ಕೇ ಚರ್ಮದ ಕೆಳಗೆ ನೀರು ಕೊಡುವುದು. ಮೊದಲು ದಿನ ಬಿಟ್ಟು ದಿನ ಇತ್ತು. ಹೋದ ವಾರದ ರಕ್ತದಲ್ಲಿ 4.6 ಬಂತು, ಈಗ ದಿನಾ. 5 ದಾಟಿದರೆ ನಾಲ್ಕನೇ ಹಂತ. ಐದನೇದು ಅಂತ ಇಲ್ಲ.

ಇವತ್ತಿನ ವಿಷಯಕ್ಕೆ ಬರುತ್ತೇನೆ.

ಅಂಗಡಿಯಲ್ಲಿ ಮಳೆಗೆ ಬೇರೆ ಯಾರೂ ಇರಲಿಲ್ಲ. ಅದೇ ತಪ್ಪಾಗಿದ್ದು. ಅವರು ಬಾಟಲಿಯನ್ನು ಕವರಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಕೇಳಿದರು.

"ಅಲ್ಲ ಮೇಡಂ, ಒಂದು ಬಾಟಲಿ ಐದು ದಿನ ಬರುತ್ತಾ? ನರಕ್ಕೆ ಹಾಕಿದ್ರೆ ಒಂದೇ ಸಲಕ್ಕೆ ಮುಗೀಬೇಕಲ್ಲ?"

ಎದೆ ಧಸಕ್ ಅಂತು. "ನರಕ್ಕಲ್ಲ ಸರ್, ಚರ್ಮದ ಕೆಳಗೆ ಹಾಕೋದು."

"ಹೌದೌದು, ಹಾಗೂ ಒಂದು ಇದೆ. ತುಂಬಾ ವಯಸ್ಸಾದವರಿಗೆ ನರ ಸಿಗಲ್ಲ ನೋಡಿ."

ನನ್ನ ಸುಳ್ಳಿಗೆ ಅವರೇ ಊರುಗೋಲು ಕೊಟ್ಟರು. ಅಷ್ಟಕ್ಕೆ ಹೊರಡಬೇಕಿತ್ತು. ಆದರೆ ಹೊರಗೆ ಜೋರು ಮಳೆ.

"ಊಟ ಮಾಡ್ತಾರಾ?"

"ಮೀನಿದ್ರೆ ಸ್ವಲ್ಪ."

"ಬಾಯಿ ರುಚಿ ಕೆಟ್ಟಿರುತ್ತೆ, ಪಾಪ. ನಿದ್ದೆ?"

"ಹಗಲೆಲ್ಲ ಹಂಡೆ ಒಲೆ ಹತ್ರಾನೇ. ರಾತ್ರಿ ಮೂರು ಗಂಟೆಗೆ ಎದ್ದು ಕೂಗುತ್ತೆ... ಕೂಗ್ತಾರೆ."

ಅವರು ತಲೆ ಎತ್ತಿ ನೋಡಿದರು. ಮನೆಯ ಅಜ್ಜಿಯನ್ನು ಅದು ಇದು ಅನ್ನುವವಳಾ ಇವಳು ಅಂತ ಇರಬೇಕು. ನನ್ನ ಕಿವಿ ಬಿಸಿಯಾಯಿತು.

"ಓಡಾಡ್ತಾರಾ?"

"ಪರವಾಗಿಲ್ಲ ಸರ್. ನಿನ್ನೆ ಕಿಟಕಿ ಹತ್ತಿ..." ಅಲ್ಲೇ ನಾಲಿಗೆ ಕಚ್ಚಿಕೊಂಡೆ. "ಕಿಟಕಿ ಹತ್ರ ಕೂತು ಮಳೆ ನೋಡ್ತಾ ಇದ್ರು."

ಅವರು ನಗಲಿಲ್ಲ. ಒಳಗೆ ಹೋದರು. ಮುಗಿಯಿತು ಕಥೆ, ಗೊತ್ತಾಗಿಹೋಯಿತು ಅಂದುಕೊಂಡೆ. ವಾಪಸ್ ಬರುವಾಗ ಕೈಯಲ್ಲಿ ಬಾರ್ಲಿಯ ಪೊಟ್ಟಣ. "ಇದನ್ನ ಬೇಯಿಸಿ ನೀರು ಕುಡಿಸಿ. ನಮ್ಮಜ್ಜಿಗೆ ಕೊನೆವರೆಗೂ ಇದೇ ಕೊಡ್ತಿದ್ವಿ. ಡಾಕ್ಟರನ್ನ ಒಂದು ಮಾತು ಕೇಳ್ಕೊಳ್ಳಿ ಅಷ್ಟೆ." ದುಡ್ಡು ಕೊಡಲು ಹೋದರೆ ಕೈ ಅಡ್ಡ ಹಿಡಿದರು. "ದೊಡ್ಡೋರಿಗೆ ನಮ್ಮ ನಮಸ್ಕಾರ ಹೇಳಿ."

ನಕ್ಕಿದ್ದರೆ ಚೆನ್ನಾಗಿತ್ತು. ಹಳೇ ಅಂಗಡಿಯ ಹುಡುಗನ ಹಾಗೆ ನಕ್ಕು ಕಳಿಸಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ಹನುಮಂತಪ್ಪ ಸರ್ಕಲ್ ತನಕ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ನಡೆದೆ, ನೆನೆಯಬಾರದು ಅಂತ. ಕೊಡೆಯೆಲ್ಲ ಅದಕ್ಕೇ. ಅರ್ಧ ಬೆನ್ನು ತೊಯ್ದುಹೋಯಿತು.

ಮೀನಿನದ್ದು ಬೇರೆ ತಲೆನೋವು. ಜುಲೈ 31ರ ತನಕ ಕರಾವಳಿಯಲ್ಲಿ ಯಾಂತ್ರಿಕ ಬೋಟು ಇಳಿಯುವ ಹಾಗಿಲ್ಲ. ಘಾಟಿ ಹತ್ತಿ ಬರುವ ಬಂಗುಡೆಗೆ ಈಗ ಚಿನ್ನದ ರೇಟು. ಬಂದರೂ ಮುಳ್ಳಿನ ಸಮೇತ ಕೊಡುವ ಹಾಗಿಲ್ಲ, ಮೂಳೆಯಲ್ಲೇ ರಂಜಕ ಜಾಸ್ತಿ, ಕಿಡ್ನಿಗೆ ಅದು ಆಗದು. ಮೊಟ್ಟೆಯ ಬಿಳಿ ಕೊಡಬಹುದು ಅಂದಿದ್ದಾರೆ. ಅದರಲ್ಲಿ ರಂಜಕ ಕಡಿಮೆ. ಆದರೆ ಬೆಳ್ಳಿ ಅದನ್ನು ಮೂಸಿ, ನೆಲ ಕೆರೆದು ಮುಚ್ಚುವ ಹಾಗೆ ಮಾಡಿ ಹೋಗುತ್ತದೆ. ಹೇಲಿಗೆ ಮಾಡುವ ಮರ್ಯಾದೆ! ಅಮ್ಮ ಬಂಗುಡೆ ತೊಳೆದ ಬೆರಳನ್ನು ಅನ್ನದಲ್ಲಿ ಆಡಿಸಿ ಇಡುತ್ತಾಳೆ. ಆಗ ನಾಲ್ಕು ತುತ್ತು. ಎದುರು ಮನೆಯವರು, ಮೈ ಬಿಸಿ ಇದ್ದರೆ ಕಾಲು ಡೋಲೋ ಕೊಡಿ ಅಂದರು. ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ ಆಂಟಿ, ಒಂದು ಮಾತ್ರೆಗೇ ಸಾಯುತ್ತದೆ ಅಂದೆ. ನಂಬಲಿಲ್ಲ. "ಮಕ್ಕಳಿಗೇ ಕೊಡ್ತೀವಲ್ಲ" ಅಂದರು. ಇದನ್ನು ಓದುವವರ ಮನೆಯಲ್ಲಿ ಬೆಕ್ಕಿದ್ದರೆ ದಯವಿಟ್ಟು ಕೊಡಬೇಡಿ.

ಎಂಟು ಗಂಟೆಗೆ ನೀರು ಏರಿಸಿದೆವು. ಹಂಡೆಯಿಂದ ಒಂದು ಚೊಂಬು ಬಿಸಿನೀರು ತೆಗೆದು ಬಕೆಟ್ಟಿಗೆ ಹಾಕಿ, ಅದರಲ್ಲಿ ಬಾಟಲಿ ಇಟ್ಟು, ಮುಂಗೈ ಮೇಲೆ ನಾಲ್ಕು ಹನಿ ಬಿಟ್ಟು ನೋಡಿಕೊಂಡೆ. ಉಗುರುಬೆಚ್ಚಗೆ. ಕ್ಯಾಲೆಂಡರ್ ತೆಗೆದು ಅದರ ಮೊಳೆಗೆ ಬಾಟಲಿ ನೇತುಹಾಕಿದೆ. ಅಮ್ಮ ಹಳೇ ಶಾಲಿನಲ್ಲಿ ಬೆಳ್ಳಿಯನ್ನು ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಹೆಗಲ ಮಧ್ಯೆ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿದರೆ ಗುಡಾರದ ಹಾಗೆ ನಿಲ್ಲುತ್ತದೆ. ಬಿಟ್ಟರೂ ಹಾಗೇ ನಿಂತಿರುತ್ತದೆ, ಅಷ್ಟು ಒಣಗಿದೆ ಮೈ. ಮೊದಲ ವಾರ ಸೂಜಿ ಈ ಕಡೆ ಚುಚ್ಚಿ ಆ ಕಡೆ ಹೊರಬಂದು, ಅಮ್ಮನ ಸೀರೆಗೇ ಡ್ರಿಪ್ ಹಾಕಿದ್ದೆ. ಈಗ ಕೈ ಪಳಗಿದೆ. ಚಕ್ರ ತಿರುಗಿಸಿ, ಬಾಟಲಿಯ ಮೇಲಿನ ಗೆರೆ ನೋಡುತ್ತಾ ಕೂತೆ. 500ರಿಂದ 400ಕ್ಕೆ ಇಳಿಯಲು ಆರೇಳು ನಿಮಿಷ. ಬೆನ್ನ ಮೇಲೆ ಎತ್ತಿನ ಡುಬ್ಬದ ಹಾಗೆ ಉಬ್ಬುತ್ತದೆ. ರಾತ್ರಿ ಹೊತ್ತಿಗೆ ಅದು ಜಾರಿ ಮುಂಗಾಲಿಗೆ ಬರುತ್ತದೆ, ಬೆಳಿಗ್ಗೆ ನೋಡಿದರೆ ಇರುವುದಿಲ್ಲ.

ಮೆಡಿಕಲ್ಸಿನ ಕಥೆ ಹೇಳಿದೆ. ಅಮ್ಮ ನಕ್ಕಳು, ಸೂಜಿ ಅಲುಗಾಡುವಷ್ಟು. ಆಮೇಲೆ ಬೆಳ್ಳಿಯ ಕಿವಿ ಹತ್ತಿರ ಬಗ್ಗಿ, "ಬೆಳ್ಳಮ್ಮನೋರೆ, ಮೆಡಿಕಲ್ಸಿನವರು ನಮಸ್ಕಾರ ಹೇಳಿದ್ದಾರೆ, ಕೇಳಿಸ್ತಾ?" ಅಂದಳು. ಬೆಳ್ಳಿ ಒಂದು ಕಿವಿ ಮಾತ್ರ ತಿರುಗಿಸಿತು.

"ಬಾರ್ಲಿ ಏನ್ ಮಾಡೋದಮ್ಮ?"

"ನಾನೇ ಕುಡೀತೀನಿ ಬಿಡು. ನಂಗೂ ಅರವತ್ತೆಂಟಾಯ್ತು."

ಸ್ವಲ್ಪ ಹೊತ್ತು ಇಬ್ಬರೂ ಗೆರೆ ನೋಡಿದೆವು. 430 ಇರಬೇಕು.

"ಮುಂದೆ ಏನು ಹೇಳ್ತೀಯ ಅವರಿಗೆ?" ಅಂದಳು.

"ಯಾವಾಗ?"

"ಬಾಟಲಿ ತರೋದು ನಿಂತ ಮೇಲೆ. ಆ ರಸ್ತೇಲಿ ಹೋಗ್ದೇ ಇರೋಕಾಗುತ್ತಾ? ಕಂಡ್ರೆ ಕೇಳ್ತಾರಲ್ಲ, ಅಜ್ಜಿ ಹೇಗಿದ್ದಾರೆ ಅಂತ. ಏನಂತೀಯ? ತಿಥಿ ಊಟಕ್ಕೆ ಕರೀತೀಯಾ?"

ತಮಾಷೆಗೇ ಹೇಳಿದ್ದು. ಆದರೆ ಕೊನೆಗೆ ಬರುವಾಗ ಅವಳ ದನಿ ಸ್ವಲ್ಪ ಕೆಳಗಿಳಿಯಿತು. ನಾನು ಚಕ್ರ ಮುಚ್ಚಿ ಸೂಜಿ ತೆಗೆದೆ. ಚುಚ್ಚಿದ ಜಾಗವನ್ನು ಹತ್ತಿಯಲ್ಲಿ ಒತ್ತಿ ಹಿಡಿದೆ, ಬೇಕಾದದ್ದಕ್ಕಿಂತ ಜಾಸ್ತಿ ಹೊತ್ತು.

ಈ ಮನೆಯಲ್ಲಿ ಯಾರೂ ಇಲ್ಲಿಯವರೆಗೆ ಆ ಮಾತು ಎತ್ತಿರಲಿಲ್ಲ. ಅಕ್ಕ ಬೆಂಗಳೂರಿನಿಂದ ಫೋನಿನಲ್ಲಿ ಸುತ್ತಿ ಬಳಸಿ ಕೇಳಿದ್ದಾಳೆ, ಎಷ್ಟು ದಿನ ಅಂತ ಚುಚ್ಚುತ್ತೀರಾ ಅಂತ. ಡಾಕ್ಟರೂ ಅಷ್ಟೇ, "ತಿನ್ನೋ ತನಕ ನೋಡೋಣ" ಅಂತಾರೆ. ನಾನು ದಿನಾ ಆ ನಾಲ್ಕು ತುತ್ತು ಎಣಿಸುತ್ತೇನೆ. ನಿನ್ನೆ ನಾಲ್ಕು. ಇವತ್ತು ಬೆಳಿಗ್ಗೆ ಮೂರು, ಸಂಜೆ ಎರಡು, ಅದರಲ್ಲಿ ಒಂದನ್ನು ಉಗುಳಿತು. ಅದನ್ನು ಲೆಕ್ಕಕ್ಕೆ ಹಿಡಿಯಬೇಕಾ ಬೇಡವಾ ಗೊತ್ತಾಗದೆ ಚೀಟಿಯಲ್ಲಿ ಒಂದೂವರೆ ಅಂತ ಬರೆದಿದ್ದೇನೆ.

ಭಾನುವಾರ ಮತ್ತೆ ಹೊಸ ಬಾಟಲಿ ಬೇಕು. ಆಗ ನಿಜ ಹೇಳಿಬಿಡಬೇಕು. ಸರ್, ಬೆಳ್ಳಮ್ಮ ಅಂದ್ರೆ ನಮ್ಮ ಬೆಕ್ಕು, ಬೂದಿ ಬಣ್ಣ, 2009ರಲ್ಲಿ ಹುಲ್ಲಿನ ಬಣವೆಯಲ್ಲಿ ಸಿಕ್ಕಿದ್ದು ಅಂತ. ಬಾರ್ಲಿಯ ದುಡ್ಡು ತಗೊಳ್ಳಿ ಅಂತ. ಆ ಹತ್ತು ಪರ್ಸೆಂಟೂ. ಹೇಳಿದರೆ ಅವರ ಅಜ್ಜಿಯ ವಿಷಯ ಮುಂದೆ ಹೇಳುತ್ತಾರೋ ಇಲ್ಲವೋ. ಕೊನೆವರೆಗೂ ಅಂದರಲ್ಲ, ಎಷ್ಟು ದಿನ ಅಂತ ಕೇಳಬೇಕಿತ್ತು.

ಕರೆಂಟು ಹೋಯಿತು. ಹನ್ನೊಂದೂಮುಕ್ಕಾಲು. ಬಚ್ಚಲಿನಿಂದ ಬೂದಿ ಕೆದಕುವ ಸದ್ದು ಬರುತ್ತಿದೆ. ಟ್ರೇ ಬಿಟ್ಟು ಒಲೆಯಲ್ಲೇ ಮಾಡುತ್ತಿದೆಯೋ ಏನೋ, ಕೆಂಡ ಇನ್ನೂ ಆರಿರಲಿಕ್ಕಿಲ್ಲ, ಟಾರ್ಚು ಎಲ್ಲಿ