ಚೀನಾ ಸಿನಿಮಾ ಹಾಲಿವುಡ್‌ನ ಹಿಂದೆ ಹಾಕತ್ತಾ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ನಾನು ಹೊರದೇಶದ ಸಿನಿಮಾಗಳ ಬಗ್ಗೆ ಬರೀತೀನಿ ಅಂತ ಗೊತ್ತಿರೋರು ಸಿಕ್ಕಾಗೆಲ್ಲ ಈಗ ಇದೊಂದೇ ಪ್ರಶ್ನೆ ಕೇಳ್ತಾರೆ. "ಚೀನಾದವ್ರು ಫೋನು, ಎಲೆಕ್ಟ್ರಿಕ್ ಕಾರು, ಸೋಲಾರ್ ಪ್ಯಾನಲ್ಲು ಎಲ್ಲದ್ರಲ್ಲೂ ಮುಂದೆ ಹೋಗ್ತಾ ಇದಾರೆ, ಇನ್ನು ಸಿನಿಮಾದಲ್ಲೂ ಅಮೆರಿಕಾನ ಮೂಲೆಗುಂಪು ಮಾಡ್ತಾರಾ?" ಅಂತ. 2025ರಲ್ಲಿ ನೆಝಾ 2 ಬಂದು 200 ಕೋಟಿ ಡಾಲರ್ ದಾಟಿದ ಮೇಲಂತೂ ಇದು ಇನ್ನೂ ಜಾಸ್ತಿ ಆಗಿದೆ, ಯಾಕಂದ್ರೆ ಪ್ರಪಂಚದಲ್ಲಿ ಇದುವರೆಗೆ ಅತಿ ಹೆಚ್ಚು ದುಡ್ಡು ಮಾಡಿದ ಅನಿಮೇಶನ್ ಸಿನಿಮಾ ಡಿಸ್ನಿದಲ್ಲ, ಚೀನಾದ್ದು ಅನ್ನೋದು ಸಣ್ಣ ಸುದ್ದಿ ಏನಲ್ಲ.

ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ಚೀನಾ ಒಳಗೆ ಹಾಲಿವುಡ್ ಆಗ್ಲೇ ಹಿಂದೆ ಬಿದ್ದಿದೆ. ಚೀನಾ ಹೊರಗೆ, ಅಲ್ಲಿನ ಈಗಿನ ವ್ಯವಸ್ಥೆ ಹೀಗೇ ಇರೋ ತನಕ, ಅಮೆರಿಕದ ಪ್ರಭಾವಕ್ಕೆ ಸಾಟಿ ಆಗಲ್ಲ. ಇದಕ್ಕೆ ಕಾರಣ ಪ್ರತಿಭೆ ಇಲ್ಲ ಅಂತಾನೂ ಅಲ್ಲ ದುಡ್ಡಿಲ್ಲ ಅಂತಾನೂ ಅಲ್ಲ, ಎರಡೂ ಬೇಕಾದಷ್ಟಿದೆ ಅಲ್ಲಿ.

ಮೊದಲು ಆ 200 ಕೋಟಿ ನೋಡೋಣ. ಅದರಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ಬಂದಿರೋದು ಚೀನಾ ಒಳಗಿಂದಾನೇ. ಅವೆಂಜರ್ಸ್ ಎಂಡ್‌ಗೇಮ್ ತಗೊಳ್ಳಿ, 2019ರಲ್ಲಿ ಸುಮಾರು 280 ಕೋಟಿ ಡಾಲರ್ ಮಾಡ್ತು, ಅದರ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಅಮೆರಿಕದ ಹೊರಗಿಂದ, ಚೀನಾ ಒಂದರಿಂದಲೇ 60 ಕೋಟಿ ಡಾಲರ್ ದಾಟ್ತು. ನೂರ ನಲವತ್ತು ಕೋಟಿ ಜನ ಇರೋ ದೇಶದಲ್ಲಿ ಸ್ವಂತ ಜನರೇ ನುಗ್ಗಿ ನೋಡಿದ್ರೆ ದಾಖಲೆ ಆಗೇ ಆಗತ್ತೆ, ಅದು ದೊಡ್ಡ ಮಾರುಕಟ್ಟೆ ಅನ್ನೋದಕ್ಕೆ ಸಾಕ್ಷಿ, ಆದ್ರೆ ಪ್ರಭಾವ ಅನ್ನೋದನ್ನ ಅಳೀಬೇಕಾದ್ರೆ ಬೇರೆಯವ್ರ ಮನೆ ಮಕ್ಕಳು ಯಾವ ಹೀರೋ ಚಿತ್ರ ಇರೋ ಬ್ಯಾಗು ಬೇಕು ಅಂತ ಹಠ ಮಾಡ್ತಾರೆ ಅಂತ ನೋಡ್ಬೇಕು.

ನೆಝಾ ಅಂದ್ರೆ ಚೀನಾ ಪುರಾಣದ ಒಬ್ಬ ಬಾಲದೇವರು, ಅವನ ಕತೆಯಲ್ಲಿ ನಮಗೊಂದು ಸಂಬಂಧಾನೂ ಇದೆ, ಇದು ಕೇಳಿದ್ರೆ ತುಂಬಾ ಜನಕ್ಕೆ ಆಶ್ಚರ್ಯ ಆಗತ್ತೆ. ಈ ನೆಝಾ ಮೂಲದಲ್ಲಿ ನಮ್ಮ ಕುಬೇರನ ಮಗ ನಲಕೂಬರ ಅಂತ ವಿದ್ವಾಂಸರು ಹೇಳ್ತಾರೆ. ಭಾಗವತದಲ್ಲಿ ನಾರದನ ಶಾಪದಿಂದ ಮರವಾಗಿ ನಿಂತಿದ್ದು, ಬಾಲಕೃಷ್ಣ ಒರಳು ಎಳ್ಕೊಂಡು ಬಂದಾಗ ಬಿಡುಗಡೆ ಆಗ್ತಾನಲ್ಲ, ಅವನೇ. ಬೌದ್ಧಧರ್ಮದ ಜೊತೆ ಕುಬೇರ ಚೀನಾಕ್ಕೆ ಹೋದ, ಅಲ್ಲಿ ಲಿ ಜಿಂಗ್ ಅನ್ನೋ ಸೇನಾಪತಿಯ ಜೊತೆ ಬೆರೆತು ಹೋದ, ಮಗ ನೆಝಾ ಆದ. ಒಂದು ಕಾಲದಲ್ಲಿ ಕತೆಗಳು ಯಾವ ಸರ್ಕಾರದ ಬಜೆಟ್ಟೂ ಇಲ್ಲದೆ, ಭಿಕ್ಷುಗಳ ಬಾಯಲ್ಲಿ, ವ್ಯಾಪಾರಿಗಳ ಜೊತೆ ಇಷ್ಟು ದೂರ ಹೋಗಿ ಅಲ್ಲಿನವೇ ಆಗಿಬಿಟ್ವು. ಈಗ ಅದೇ ಕತೆ ಕೋಟ್ಯಂತರ ಖರ್ಚು ಮಾಡಿ ವಾಪಸ್ ಹೊರಟ್ರೆ ಗಡಿ ದಾಟೋಕೆ ಒದ್ದಾಡ್ತಾ ಇದೆ.

ಯಾಕೆ ಅಂತ ಅರ್ಥ ಆಗ್ಬೇಕಾದ್ರೆ 2008ಕ್ಕೆ ಹೋಗ್ಬೇಕು. ಆ ವರ್ಷ ಬೀಜಿಂಗ್ ಒಲಿಂಪಿಕ್ಸ್. ಅದೇ ವರ್ಷ ಹಾಲಿವುಡ್‌ನ ಕುಂಗ್ ಫು ಪಾಂಡಾ ಬಂತು, ಪಾಂಡಾನೂ ಚೀನಾದ್ದು ಕುಂಗ್ ಫೂನೂ ಚೀನಾದ್ದು ನೂಡಲ್ಸ್ ಅಂಗಡೀನೂ ಚೀನಾದ್ದು, ಸಿನಿಮಾ ಮಾತ್ರ ಅಮೆರಿಕದ್ದು. ಚೀನಾದ ಜನ ಖುಷಿಯಾಗಿ ನೋಡಿದ್ರು, ಆಮೇಲೆ ಇದನ್ನ ನಾವ್ಯಾಕೆ ಮಾಡಕ್ಕಾಗ್ಲಿಲ್ಲ ಅಂತ ದೊಡ್ಡ ಚರ್ಚೆ ಶುರುವಾಯ್ತು. ಆವಾಗ ಲು ಚುವಾನ್ ಅನ್ನೋ ನಿರ್ದೇಶಕರು ಚೀನಾದ್ದೇ ಪತ್ರಿಕೆಯಲ್ಲಿ ತಮ್ಮ ಅನುಭವ ಬರೆದ್ರು. ಒಲಿಂಪಿಕ್ಸ್‌ಗೆ ಅಂತ ಒಂದು ಅನಿಮೇಶನ್ ಸಿನಿಮಾ ಮಾಡಿಕೊಡಿ ಅಂತ ಅವ್ರನ್ನ ಕರೆದಿದ್ರಂತೆ, ಆದ್ರೆ ಸಿನಿಮಾ ಚೀನಾದ ಸಂಸ್ಕೃತಿನ ಹೇಗೆ ತೋರಿಸ್ಬೇಕು ಏನು ಪ್ರಚಾರ ಮಾಡ್ಬೇಕು ಅಂತ ಸೂಚನೆ ಮೇಲೆ ಸೂಚನೆ ಬರ್ತಾನೇ ಇತ್ತು, ಕಲ್ಪನೆ ಸತ್ತೋಯ್ತು, ಮಾಡೋ ಖುಷೀನೂ ಹೋಯ್ತು, ಸಿನಿಮಾನೂ ಆಗ್ಲಿಲ್ಲ. ನನ್ನ ಪ್ರಕಾರ ಈ ಪ್ರಶ್ನೆಗೆ ಅತ್ಯಂತ ಪ್ರಾಮಾಣಿಕ ಉತ್ತರ ಕೊಟ್ಟಿರೋದು ಅವ್ರೇ, ಅದೂ ಇಷ್ಟು ವರ್ಷ ಮೊದಲೇ.

ಆಮೇಲೆ ಪರಿಸ್ಥಿತಿ ಇನ್ನೂ ಬಿಗಿ ಆಯ್ತೇ ಹೊರತು ಸಡಿಲ ಆಗ್ಲಿಲ್ಲ. 2018ರಲ್ಲಿ ಸಿನಿಮಾ ಮೇಲಿನ ಅಧಿಕಾರಾನ ಸರ್ಕಾರಿ ಇಲಾಖೆಯಿಂದ ತೆಗೆದು ನೇರವಾಗಿ ಕಮ್ಯುನಿಸ್ಟ್ ಪಕ್ಷದ ಪ್ರಚಾರ ವಿಭಾಗಕ್ಕೆ ಕೊಟ್ರು. ಅಲ್ಲಿ ನಮ್ಮ ಹಾಗೆ ಯು, ಎ ಅಂತ ವಯಸ್ಸಿನ ಸರ್ಟಿಫಿಕೇಟ್ ಇಲ್ಲ, ಒಂದೋ ಸಿನಿಮಾ ಎಲ್ಲರಿಗೂ ಓಕೆ ಇಲ್ಲಾಂದ್ರೆ ಯಾರಿಗೂ ಇಲ್ಲ. ಝಾಂಗ್ ಯಿಮೌ ಅಂಥ ದೊಡ್ಡ ಹೆಸರು, ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನಾ ಸಮಾರಂಭ ನಿರ್ದೇಶಿಸಿದವ್ರು, ಅವ್ರ ಒನ್ ಸೆಕೆಂಡ್ ಸಿನಿಮಾ ಕೂಡ 2019ರಲ್ಲಿ ಬರ್ಲಿನ್ ಚಿತ್ರೋತ್ಸವದಿಂದ ಕೊನೇ ಗಳಿಗೆಯಲ್ಲಿ ವಾಪಸ್ ಆಯ್ತು, ಕೊಟ್ಟ ಕಾರಣ ತಾಂತ್ರಿಕ ಸಮಸ್ಯೆ.

ಇದರಲ್ಲಿ ನನಗೆ ಅತ್ಯಂತ ಹೊಟ್ಟೆ ಉರಿದಿದ್ದು ರಿಟರ್ನ್ ಟು ಡಸ್ಟ್ ಕತೆ. 2022ರಲ್ಲಿ ಲಿ ರುಯಿಜುನ್ ಮಾಡಿದ ಸಿನಿಮಾ, ಗಾನ್ಸು ಪ್ರಾಂತ್ಯದ ಒಂದು ಬಡ ಹಳ್ಳಿ, ಮನೆಯವ್ರಿಗೆ ಬೇಡವಾದ ಒಬ್ಬ ಗಂಡಸಿಗೂ ಕಾಯಿಲೆಯ ಒಬ್ಬ ಹೆಂಗಸಿಗೂ ಮದುವೆ ಮಾಡಿ ಕೈ ತೊಳ್ಕೊಂಡ್ಬಿಡ್ತಾರೆ, ಇಬ್ರ ಹತ್ರ ಇರೋದು ಒಂದು ಕತ್ತೆ. ನಾಯಕ ನಟ ನಿಜವಾದ ರೈತ, ನಿರ್ದೇಶಕರ ಸಂಬಂಧಿ. ಅದರಲ್ಲಿ ಒಂದು ದೃಶ್ಯ, ರಟ್ಟಿನ ಡಬ್ಬದಲ್ಲಿ ಮೊಟ್ಟೆ ಇಟ್ಟು ಒಳಗೆ ಬಲ್ಬ್ ಹಾಕಿ ಕಾವು ಕೊಡ್ತಾರೆ, ಡಬ್ಬದ ತೂತುಗಳಿಂದ ಬೆಳಕು ಬಂದು ಮಣ್ಣಿನ ಗೋಡೆ ತುಂಬಾ ಚುಕ್ಕಿ ಚುಕ್ಕಿ, ಇಬ್ರೂ ಸುಮ್ನೆ ಅದನ್ನ ನೋಡ್ತಾ ಕೂತಿರ್ತಾರೆ. ಇನ್ನೊಂದು ಕಡೆ ಅವನು ಗೋಧಿ ಕಾಳುಗಳನ್ನ ಅವಳ ಕೈ ಮೇಲೆ ಒತ್ತಿ ಹೂವಿನ ಗುರುತು ಮಾಡ್ತಾನೆ. ಇಷ್ಟೇ. ಸುಮಾರು 20 ಲಕ್ಷ ಯುವಾನ್‌ನಲ್ಲಿ ಮಾಡಿದ ಸಿನಿಮಾ, ಸ್ಟಾರ್‌ಗಿರಿ ಇಲ್ಲ ಫೈಟಿಲ್ಲ, ಬಾಯಿಂದ ಬಾಯಿಗೆ ಹರಡಿ 10 ಕೋಟಿ ಯುವಾನ್ ದಾಟ್ತು, ಚೀನಾದ ಯುವಕರೇ ಅಳ್ತಾ ಅಳ್ತಾ ವಿಡಿಯೋ ಹಾಕಿದ್ರು. ಸೆಪ್ಟೆಂಬರ್ ಕೊನೇಲಿ, ಪಕ್ಷದ ಮಹಾಧಿವೇಶನಕ್ಕೆ ಸ್ವಲ್ಪ ದಿನ ಇರೋವಾಗ, ಸ್ಟ್ರೀಮಿಂಗ್ ಆ್ಯಪ್‌ಗಳಿಂದ ಸದ್ದಿಲ್ಲದೆ ಮಾಯ ಆಯ್ತು. ಕಾರಣ ಯಾರೂ ಹೇಳ್ಲಿಲ್ಲ. ದೇಶದಲ್ಲಿ ಕಡುಬಡತನ ಇಲ್ಲವಾಯ್ತು ಅಂತ 2021ರಲ್ಲೇ ಘೋಷಣೆ ಆಗಿತ್ತು, ಈ ಸಿನಿಮಾದಲ್ಲಿ ಬಡತನ ಕಣ್ಣಿಗೆ ಕಾಣ್ತಾ ಇತ್ತು.

ನೋಡಿ, ಹೊರದೇಶದ ಪ್ರೇಕ್ಷಕನ ಎದೆಗೆ ತಾಗೋದು ಇಂಥ ಸಿನಿಮಾ. ಮಂಡ್ಯದ ರೈತನಿಗೂ ಇದು ಅರ್ಥ ಆಗತ್ತೆ, ಮೆಕ್ಸಿಕೋದವನಿಗೂ ಆಗತ್ತೆ. ಅಂಥದ್ದನ್ನ ಮನೆಯೊಳಗೇ ಬಚ್ಚಿಟ್ಟು ಹೊರಗೆ ಕಳ್ಸೋದು ಏನನ್ನ ಅಂದ್ರೆ ವುಲ್ಫ್ ವಾರಿಯರ್ 2 ತರದ್ದನ್ನ. 2017ರಲ್ಲಿ ಅದು ಚೀನಾದಲ್ಲಿ 80 ಕೋಟಿ ಡಾಲರ್‌ಗಿಂತ ಜಾಸ್ತಿ ಮಾಡ್ತು, ಅಮೆರಿಕದಲ್ಲಿ 30 ಲಕ್ಷ ಡಾಲರೂ ಮುಟ್ಲಿಲ್ಲ. ಆಫ್ರಿಕಾದಲ್ಲಿ ಸಿಕ್ಕಿಹಾಕ್ಕೊಂಡವ್ರನ್ನ ಚೀನಾದ ಮಾಜಿ ಸೈನಿಕ ಕಾಪಾಡೋ ಕತೆ, ಕೊನೇಲಿ ಪರದೆ ತುಂಬಾ ಚೀನಾದ ಪಾಸ್‌ಪೋರ್ಟ್ ಬರತ್ತೆ, ಹೊರದೇಶದಲ್ಲಿ ಕಷ್ಟ ಬಂದ್ರೆ ಹೆದರಬೇಡಿ ನಿಮ್ಮ ಹಿಂದೆ ಬಲಿಷ್ಠ ತಾಯ್ನಾಡು ಇದೆ ಅನ್ನೋ ಮಾತಿನ ಜೊತೆ. ಬೀಜಿಂಗ್‌ನಲ್ಲಿ ಕೂತವ್ರಿಗೆ ಅದು ರೋಮಾಂಚನ, ಒಪ್ಕೊಳ್ಳೋಣ. ಆ ಪಾಸ್‌ಪೋರ್ಟ್ ಇಲ್ಲದ ನೈರೋಬಿಯವನಿಗೆ, ಮೈಸೂರಿನವನಿಗೆ ಅದರಲ್ಲಿ ಏನಿದೆ?

ಅಮೆರಿಕದವ್ರೂ ದೇಶಭಕ್ತಿ ತುರುಕಲ್ವಾ ಅಂತ ಇಲ್ಲಿ ಒಬ್ರಾದ್ರೂ ಕೇಳೇ ಕೇಳ್ತಾರೆ. ತುರುಕ್ತಾರೆ, ಧಾರಾಳವಾಗಿ. ಬರೀ ಒಳ್ಳೇ ಕತೆ ಹೇಳಿ ಪ್ರಪಂಚ ಗೆದ್ರು ಅನ್ನೋದೂ ಸುಳ್ಳು, ಎರಡನೇ ಮಹಾಯುದ್ಧ ಆದ್ಮೇಲೆ 1946ರಲ್ಲಿ ಫ್ರಾನ್ಸ್‌ಗೆ ಸಾಲದ ನೆರವು ಕೊಡೋವಾಗ ಅಮೆರಿಕದ ಸಿನಿಮಾಗೆ ಥಿಯೇಟರ್ ಬಾಗಿಲು ತೆಗೀಬೇಕು ಅನ್ನೋದೂ ಆ ಒಪ್ಪಂದದಲ್ಲಿತ್ತು. ಇಂಗ್ಲಿಷ್ ಅನ್ನೋ ಭಾಷೆಯ ಬಲ ಇದೆ, ನೂರು ವರ್ಷದ ವಿತರಣಾ ಜಾಲ ಇದೆ. ಆದ್ರೆ ಅದೇ ದೇಶ ವಾಟರ್‌ಗೇಟ್ ಹಗರಣ ಆಗಿ ಅಧ್ಯಕ್ಷ ರಾಜೀನಾಮೆ ಕೊಟ್ಟು ಎರಡು ವರ್ಷ ಆಗೋದ್ರೊಳಗೆ ಅದನ್ನೇ ದೊಡ್ಡ ಸ್ಟಾರ್‌ಗಳನ್ನ ಹಾಕಿ ಸಿನಿಮಾ ಮಾಡ್ತು, ವಿಯೆಟ್ನಾಂನಲ್ಲಿ ತಾನು ಮಾಡಿದ ಅನಾಹುತದ ಮೇಲೆ ಸಾಲು ಸಾಲು ಸಿನಿಮಾ ಮಾಡ್ತು. ಅಮೆರಿಕಾನ ಬೈಯೋಕೆ ಬೇಕಾದ ಸರಕನ್ನೂ ನಾವು ಹಾಲಿವುಡ್‌ನಿಂದಲೇ ಕಲ್ತಿದ್ದೀವಿ, ಅವ್ರ ಪ್ರಭಾವ ಅಷ್ಟು ಆಳಕ್ಕೆ ಇಳಿದಿರೋದಕ್ಕೆ ಇದೂ ಒಂದು ಕಾರಣ ಅಂತ ನಾನು ಬಲವಾಗಿ ನಂಬ್ತೀನಿ.

ದುಡ್ಡಿನಿಂದ ಪ್ರಯತ್ನಾನೂ ಆಯ್ತು. ಚೀನಾದ ವಾಂಡಾ ಕಂಪನಿ 2012ರಲ್ಲಿ ಅಮೆರಿಕದ ಎಎಂಸಿ ಥಿಯೇಟರ್ ಸರಣಿ ಕೊಂಡ್ಕೊಳ್ತು, 2016ರಲ್ಲಿ ಲೆಜೆಂಡರಿ ಅನ್ನೋ ಹಾಲಿವುಡ್ ಸ್ಟುಡಿಯೋನ 350 ಕೋಟಿ ಡಾಲರ್‌ಗೆ ಕೊಂಡ್ಕೊಳ್ತು. ಝಾಂಗ್ ಯಿಮೌ ಕೈಲಿ ಮ್ಯಾಟ್ ಡೇಮನ್‌ನ ಹಾಕಿ ದಿ ಗ್ರೇಟ್ ವಾಲ್ ಅಂತ 15 ಕೋಟಿ ಡಾಲರ್ ಸಿನಿಮಾ ಮಾಡಿಸಿದ್ರು, ಅಮೆರಿಕದಲ್ಲಿ 5 ಕೋಟಿ ಡಾಲರೂ ಬರ್ಲಿಲ್ಲ. ಆಮೇಲೆ ಸಾಲದ ಹೊರೆ, ಸರ್ಕಾರದ ನಿರ್ಬಂಧ, ಎಎಂಸಿಯಿಂದ ವಾಂಡಾ ಹೊರಗೆ ಬಂತು. ಸಿಕ್ಕಿದ್ದು ಒಂದೇ, ಬೇಡ ಅನ್ನೋ ಅಧಿಕಾರ. ಚೀನಾದ ಮಾರುಕಟ್ಟೆ ಆಸೆಗೆ ಹಾಲಿವುಡ್‌ನವ್ರು 2012ರ ರೆಡ್ ಡಾನ್‌ನಲ್ಲಿ ದಾಳಿ ಮಾಡೋ ಚೀನೀ ಸೈನಿಕರನ್ನ ಕಂಪ್ಯೂಟರ್‌ನಲ್ಲಿ ಉತ್ತರ ಕೊರಿಯಾದವ್ರನ್ನಾಗಿ ಬದಲಾಯಿಸಿದ್ರು. 2019ರಲ್ಲಿ ಟಾಪ್ ಗನ್ ಎರಡನೇ ಭಾಗದ ಟ್ರೇಲರ್‌ನಲ್ಲಿ ಟಾಮ್ ಕ್ರೂಸ್ ಜಾಕೆಟ್ ಮೇಲಿದ್ದ ತೈವಾನ್ ಬಾವುಟ ಮಾಯ ಆಗಿತ್ತು, ಬಂಡವಾಳ ಹಾಕಿದ್ದ ಚೀನಾದ ಟೆನ್ಸೆಂಟ್ ಕಂಪನಿ ಹಿಂದೆ ಸರಿದ್ಮೇಲೆ 2022ರ ಸಿನಿಮಾದಲ್ಲಿ ವಾಪಸ್ ಬಂತು. ಬೇರೆಯವ್ರ ಸಿನಿಮಾದಿಂದ ಒಂದು ಬಾವುಟ ತೆಗ್ಸೋ ಶಕ್ತಿ ಬೇರೆ, ನಿಮ್ಮನ್ನ ನೋಡಿ ಇನ್ನೊಂದು ದೇಶದ ಹುಡುಗ ಆಸೆ ಪಡೋ ಹಾಗೆ ಮಾಡೋ ಶಕ್ತಿ ಬೇರೆ.

ಆ ಎರಡನೇ ಶಕ್ತಿ ಚೀನೀ ಸಿನಿಮಾಗೆ ಇರಲೇ ಇಲ್ವಾ? ಇತ್ತು, ಜೋರಾಗೇ ಇತ್ತು, ಆದ್ರೆ ಅದು ಬಂದಿದ್ದು ಹಾಂಗ್‌ಕಾಂಗ್‌ನಿಂದ. ಬ್ರೂಸ್ ಲೀ ಪೋಸ್ಟರ್ ಇಲ್ಲದ ಗರಡಿ, ಸೆಲೂನು ನಮ್ಮ ಕಡೆ ಕಮ್ಮಿ ಇದ್ವು, ಎಷ್ಟು ಊರಲ್ಲಿ ಕರಾಟೆ ಕ್ಲಾಸು ಹುಟ್ಕೊಂಡಿದ್ದೇ ಆ ಹುಚ್ಚಿನಿಂದ. ಜಾಕಿ ಚಾನ್ 2005ರ ದಿ ಮಿಥ್ ಸಿನಿಮಾಗೆ ಹಂಪಿಗೇ ಬಂದು ಶೂಟಿಂಗ್ ಮಾಡಿದ್ರು. ತೊಂಬತ್ತರ ದಶಕದ ಶುರುವಲ್ಲಿ ಆ ಪುಟ್ಟ ಊರು ವರ್ಷಕ್ಕೆ 200ರ ಹತ್ರ ಸಿನಿಮಾ ತೆಗೀತಿತ್ತು, ಏನು ತೆಗೀಬೇಕು ಅಂತ ಮೇಲಿಂದ ಹೇಳೋರು ಇರ್ಲಿಲ್ಲ. 2021ರಲ್ಲಿ ಅಲ್ಲೂ ಸೆನ್ಸಾರ್ ಕಾನೂನು ತಿದ್ದಿ ರಾಷ್ಟ್ರೀಯ ಭದ್ರತೆ ಅನ್ನೋದನ್ನ ಸೇರಿಸಿದ್ರು. ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್ ನಾಲ್ಕು ಆಸ್ಕರ್ ಗೆದ್ದು ಅಮೆರಿಕದಲ್ಲಿ 12 ಕೋಟಿ ಡಾಲರ್‌ಗಿಂತ ಜಾಸ್ತಿ ಮಾಡ್ತಲ್ಲ, ಅದರ ನಿರ್ದೇಶಕ ಆಂಗ್ ಲೀ ತೈವಾನಿನವ್ರು. ಬೀಜಿಂಗ್‌ನಲ್ಲೇ ಹುಟ್ಟಿದ ಕ್ಲೋಯಿ ಝಾವೊ 2021ರಲ್ಲಿ ಆಸ್ಕರ್ ತಗೊಂಡಾಗ ಚೀನಾದ ಸೋಷಿಯಲ್ ಮೀಡಿಯಾದಿಂದ ಆ ಸುದ್ದೀನೇ ಅಳಿಸಿದ್ರು, ಹಿಂದೆ ಯಾವಾಗ್ಲೋ ಸಂದರ್ಶನದಲ್ಲಿ ದೇಶದ ಬಗ್ಗೆ ಏನೋ ಅಂದಿದ್ರು ಅಂತ. ತನ್ನ ಮಗಳು ಗೆದ್ದ ದಿನ ಹಬ್ಬ ಮಾಡ್ದೇ ಇರೋ ದೇಶ ಅಂದ್ರೆ ಬೇಜಾರಾಗತ್ತೆ, ನಿಜವಾಗ್ಲೂ.

ಪಕ್ಕದ ದಕ್ಷಿಣ ಕೊರಿಯಾ ನೋಡಿದ್ರೆ ವ್ಯತ್ಯಾಸ ಗೊತ್ತಾಗತ್ತೆ. 1996ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಸಿನಿಮಾಗಳ ಪೂರ್ವ ಸೆನ್ಸಾರ್ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಡ್ತು. ಪ್ಯಾರಸೈಟ್ ಸಿನಿಮಾದಲ್ಲೂ ಸ್ಕ್ವಿಡ್ ಗೇಮ್ ಸೀರಿಯಲ್ಲಲ್ಲೂ ಕೊರಿಯಾ ಚೆನ್ನಾಗೇನೂ ಕಾಣಲ್ಲ, ಸಾಲ, ಅಸಮಾನತೆ, ಅರ್ಧ ನೆಲದೊಳಗಿನ ಮನೆ, ಅದನ್ನೇ ತೋರಿಸಿ ಪ್ರಪಂಚ ಗೆದ್ರು. ಇವತ್ತು ಬೆಂಗಳೂರಿನ ಸೂಪರ್ ಮಾರ್ಕೆಟ್‌ನಲ್ಲಿ ಕೊರಿಯನ್ ನೂಡಲ್ಸ್ ಒಂದು ಕಪಾಟು ತುಂಬಾ ಇರತ್ತೆ, ಅದಕ್ಕೆ ಸೀರಿಯಲ್ಲುಗಳೂ ಕಾರಣ. ಐದೂಕಾಲು ಕೋಟಿಯೂ ಇಲ್ಲದ ದೇಶ ಅದು.

ಚೀನಾದ ಪ್ರೇಕ್ಷಕರ ಬಗ್ಗೆ ಮಾತ್ರ ನನಗೆ ತುಂಬಾ ಗೌರವ. ನಮ್ಮ ದಂಗಲ್ 2017ರಲ್ಲಿ ಅಲ್ಲಿ ಸಾವಿರ ಕೋಟಿ ರೂಪಾಯಿಗಿಂತ ಹೆಚ್ಚು ಮಾಡ್ತು, ಹರಿಯಾಣದ ಅಪ್ಪ ಮಗಳ ಕತೆಯಲ್ಲಿ ತಮ್ಮ ಮನೆ ಅಪ್ಪನ್ನ ನೋಡ್ಕೊಂಡ್ರು ಅವ್ರು. ಆ ಜನರೇ ಕ್ಯಾಮೆರಾ ಹಿಡಿದು ಮನಸ್ಸಿಗೆ ಬಂದದ್ದನ್ನ ತೋರಿಸೋ ಹಾಗಿದ್ದಿದ್ರೆ ನನ್ನ ಉತ್ತರ ಬೇರೆ ಇರ್ತಿತ್ತು. ಇನ್ನು ಚೀನಾದ ವಿಡಿಯೋ ಗೇಮ್ಸ್ ಕತೆ ಬೇರೆ, 2024ರಲ್ಲಿ ಬಂದ ಬ್ಲ್ಯಾಕ್ ಮಿಥ್ ವುಕಾಂಗ್ ಮೂರೇ ದಿನದಲ್ಲಿ ಒಂದು ಕೋಟಿ ಕಾಪಿ ಮಾರಾಟ ಆಯ್ತು, ಹೊರದೇಶದವ್ರೂ ಆಡಿದ್ರು, ಹನುಮಂತನ ತಮ್ಮನ ಹಾಗಿರೋ ಆ ಕಪಿವೀರ ಸಿನಿಮಾಗಿಂತ ಬೇಗ ಗಡಿ ದಾಟಿದ. ಚೀನಾದ ಹವಾ ಏನಾದ್ರೂ ಏಳೋದಾದ್ರೆ ಮೊದಲು ಆ ಕಡೆಯಿಂದ ಅಂತ ನನ್ನ ಅಂದಾಜು.

ಹಾಗಾದ್ರೆ ಚೀನಾ ಸಿನಿಮಾ ನೋಡೋದು ಬೇಡ್ವಾ ಅಂತ ಕೇಳ್ತಾರೆ. ನೋಡ್ಲೇಬೇಕು, ದಯವಿಟ್ಟು ನೋಡಿ. ಜಿಯಾ ಝಾಂಗ್‌ಕೆ ಅವ್ರ ಸ್ಟಿಲ್ ಲೈಫ್‌ನಿಂದ ಶುರು ಮಾಡಿ, 2006ರಲ್ಲಿ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಗೆದ್ದಿದ್ದು, ಸೆನ್ಸಾರ್ ದಾಟಿ ಚೀನಾದಲ್ಲೂ ಬಿಡುಗಡೆ ಆಗಿದ್ದು. ತ್ರೀ ಗಾರ್ಜಸ್ ಅಣೆಕಟ್ಟಿಗೆ ಮುಳುಗ್ತಾ ಇರೋ ಫೆಂಗ್‌ಜಿಯೆ ಅನ್ನೋ ಊರಿಗೆ ಒಬ್ಬ ಗಣಿ ಕಾರ್ಮಿಕ ವರ್ಷಗಳ ಹಿಂದೆ ತನ್ನನ್ನ ಬಿಟ್ಟು ಹೋದ ಹೆಂಡತೀನ ಹುಡುಕ್ಕೊಂಡು ಬರ್ತಾನೆ, ಅವಳ ವಿಳಾಸ ಆಗ್ಲೇ ನೀರಿನ ಕೆಳಗಿದೆ. ಒಂದು ಕಡೆ ಹತ್ತು ಯುವಾನ್ ನೋಟು ತೆಗೆದು ಅದರ ಮೇಲಿರೋ ಕಣಿವೆ ಚಿತ್ರಾನೂ ಎದುರಿಗಿರೋ ಕಣಿವೇನೂ ಹೋಲಿಸಿ ನೋಡ್ತಾನೆ. ಹಳೇ ಬಾಗಲಕೋಟೆ ಮುಳುಗಿದ್ದನ್ನ ಕಂಡವ್ರು, ಶರಾವತಿ ಹಿನ್ನೀರಲ್ಲಿ ಮನೆ ಗದ್ದೆ ಕಳ್ಕೊಂಡವ್ರ ಮಕ್ಕಳು ಮೊಮ್ಮಕ್ಕಳು ಮೊದಲು ಇದನ್ನ ನೋಡಿ, ನೆಝಾ ಆಮೇಲೆ ನೋಡಿದ್ರೂ ಪರವಾಗಿಲ್ಲ.